ತಮಟೆ ಇಲ್ಲದ ಜಾಗದಲ್ಲಿ ಮ್ಯಾಂಡೊಲಿನ್

ಒಂದು ವಾರದಿಂದ ಒಂದೇ ಆಲ್ಬಂ ಕೇಳ್ತಾ ಇದ್ದೀನಿ. ಅಮೆರಿಕದ ಟೆನೆಸ್ಸಿಯ ಬೈರ್ಡ್ಸ್‌ಟೌನ್ ಅನ್ನೋ ಪುಟ್ಟ ಊರಿನ ಸಿಯೆರಾ ಹಲ್ ಅವರ ‘ಸೀಕ್ರೆಟ್ಸ್’. 2008ರಲ್ಲಿ ಇದು ಬಂದಾಗ ಆ ಹುಡುಗಿಗೆ 16 ವರ್ಷ. ಮ್ಯಾಂಡೊಲಿನ್ ಅಂದ್ರೆ ನಮಗೆ ಯು. ಶ್ರೀನಿವಾಸ್ ನೆನಪಾಗ್ತಾರೆ. ಇದು ಬೇರೆಯೇ ಲೋಕ, ಬ್ಲೂಗ್ರಾಸ್ ಅಂತಾರೆ.

ನನ್ನ ಕಿವಿಗೆ ಮೊದಲು ಬಿದ್ದದ್ದು ರಾಗ ಅಲ್ಲ, ಪೆಟ್ಟು. ಬ್ಲೂಗ್ರಾಸ್ ಮೇಳದಲ್ಲಿ ಸಾಮಾನ್ಯವಾಗಿ ಡ್ರಮ್ ಇರೋದಿಲ್ಲ. ಆ ಕೆಲಸ ಮ್ಯಾಂಡೊಲಿನ್ನೇ ಮಾಡುತ್ತೆ. ಬೇಸ್ ಒಂದು ಪೆಟ್ಟು ಹಾಕಿದ ಮೇಲೆ, ನಡುವಿನ ಪೆಟ್ಟಿಗೆ ತಂತಿಗಳನ್ನ ಒಟ್ಟಿಗೆ ಬಡಿದು, ಆ ಕ್ಷಣವೇ ಬೆರಳು ಸಡಿಲಿಸಿ ನಾದ ಕತ್ತರಿಸೋದು. ‘ಚಾಪ್’ ಅಂತ ಅದರ ಹೆಸರು. ತಮಟೆಯೋರ ಮನೇಲಿ ಹುಟ್ಟಿದ ನನಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆಮೇಲೆ ಹುಡುಕ್ತಾ ಹೋದೆ (ನಮ್ಮ ಚಟ ಅದೇ ತಾನೇ, ಯಾರದ್ದು, ಯಾರಿಂದ ಬಂತು). ಬ್ಲೂಗ್ರಾಸ್‌ನ ಪಿತಾಮಹ ಅಂತ ಕರೆಯೋ ಬಿಲ್ ಮನ್ರೋ ಕೂಡ ಮ್ಯಾಂಡೊಲಿನ್ ವಾದಕ, ಬಿಳಿಯ. ಆತ ಕೆಂಟಕಿಯಲ್ಲಿ ಹುಡುಗನಾಗಿದ್ದಾಗ ಆರ್ನಾಲ್ಡ್ ಶುಲ್ಟ್ಜ್ ಅನ್ನೋ ಕಪ್ಪು ಕಲಾವಿದನ ಜೊತೆ ಕುಣಿತದ ಕೂಟಗಳಲ್ಲಿ ನುಡಿಸಿದವನು. ಅವನಿಂದ ಕಲಿತೆ ಅಂತ ಮನ್ರೋನೇ ಒಪ್ಪಿಕೊಂಡಿದ್ದಾನೆ. ಶುಲ್ಟ್ಜ್ 1931ರಲ್ಲಿ ತೀರಿಕೊಂಡ. ಅವನ ಒಂದೇ ಒಂದು ಧ್ವನಿಮುದ್ರಣ ಇಲ್ಲ. ಈ ಸಂಗೀತದ ಬ್ಯಾಂಜೊ ಕೂಡ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ವಾದ್ಯ, ಸೋರೆ ಬುರುಡೆಗೆ ಚರ್ಮ ಬಿಗಿದದ್ದು. ಚರ್ಮ ನೋಡಿ, ಅಲ್ಲೂ.

ಹಾಗಂತ ಆ ಹುಡುಗಿ ಮೇಲೆ ಸಿಟ್ಟು ಬರಲಿಲ್ಲ. 1990ರಿಂದ ಗಂಡಸರೇ ಪಡೆಯುತ್ತಿದ್ದ ವರ್ಷದ ಬ್ಲೂಗ್ರಾಸ್ ಮ್ಯಾಂಡೊಲಿನ್ ವಾದಕ ಪ್ರಶಸ್ತಿಯನ್ನ 2016ರಲ್ಲಿ ಪಡೆದ ಮೊದಲ ಹೆಣ್ಣು ಆಕೆ. ನನಗೆ ಆದದ್ದು ಹೊಟ್ಟೆಕಿಚ್ಚು. ಹತ್ತು ವರ್ಷಕ್ಕೇ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹತ್ತಿದ್ದಳಂತೆ. ನಮ್ಮಪ್ಪ ಜಾತ್ರೇಲಿ ದೇವರ ಮುಂದೆ ಬಾರಿಸಿಕೊಂಡು ಬಂದು, ಗುಡಿ ಬಾಗಿಲಲ್ಲಿ ನಿಲ್ಲಬೇಕಿತ್ತು. ಸಾವಿಗೆ ಕರೆದರೆ ಹೋಗಲೇಬೇಕು, ಕೊಟ್ಟಷ್ಟು ಕಾಳು. ನಾನು ತಮಟೆ ಮುಟ್ಟಲ್ಲ ಅಂದಾಗ ಅಪ್ಪ ಏನೂ ಅನ್ನಲಿಲ್ಲ. ಬೆಂಕಿಗೆ ಹಿಡಿದು ಕಾಯಿಸ್ತಿದ್ದದ್ದನ್ನ ಹಾಗೇ ಗೋಡೆಗೆ ಒರಗಿಸಿಟ್ಟ.

ಮೊನ್ನೆ ಈ ಹಾಡು ಕೇಳ್ತಾ ನಾನು ಮೇಜು ಬಡೀತಿದ್ದೆ. ಮಗಳು ಬಂದು ನಿಂತು, “ಅಪ್ಪಾ, ತಾತನ ತಮಟೆ ಎಲ್ಲಿದೆ?” ಅಂದಳು.

ಅಟ್ಟದಿಂದ ಇಳಿಸಿದ್ದೀನಿ. ಒಂದು ಕಡೆ ಚರ್ಮ ಹರಿದಿದೆ. ಕಟ್ಟಿಕೊಡೋರು ಗೊತ್ತಿದ್ದರೆ ತಿಳಿಸಿ ಗೆಳೆಯರೇ.

ಜೈಭೀಮ್.