ಸದ್ದು ಮಾಡೋ ಟ್ಯಾಪೆಟ್ಟೇ ಒಳ್ಳೇದು

ಹಳೇ ಬುಲೆಟ್ ಓಡಿಸೋರ ನಡುವೆ ಒಂದು ಮಾತಿದೆ: ಟ್ಯಾಪೆಟ್ ಸ್ವಲ್ಪ ಸದ್ದು ಮಾಡ್ತಿದ್ರೆ ಭಯ ಇಲ್ಲ, ಪೂರ್ತಿ ಸುಮ್ಮನಾದ್ರೆ ಬಿಚ್ಚಿ ನೋಡು. ಮೊದಲ ಸಲ ಕೇಳಿದಾಗ ಉಲ್ಟಾ ಅನ್ನಿಸುತ್ತೆ. ಕಾರಣ ತಿಳಿದ ಮೇಲೆ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ ಅನ್ನಿಸುತ್ತೆ.

ನಾನು ಹೇಳ್ತಿರೋದು ಕ್ಯಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350 ಬಗ್ಗೆ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿಸಿ. 1955ರಲ್ಲಿ ಮದ್ರಾಸಿಗೆ ಬಂದ ಇಂಗ್ಲೆಂಡಿನ ಡಿಸೈನು, ದಶಕಗಳ ಕಾಲ ಹೆಚ್ಚು ಬದಲಾಗದೆ ನಡೀತು. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳಿಗೆ ಈ ತಲೆನೋವೇ ಇರಲಿಲ್ಲ. ಅವು ಟೂ ಸ್ಟ್ರೋಕ್, ಅವಕ್ಕೆ ಇಂಥ ವಾಲ್ವೇ ಇಲ್ಲ. ಬುಲೆಟ್ಟಿನಲ್ಲಿ ಮಾತ್ರ ಒಂದು ದೊಡ್ಡ ಮೆರವಣಿಗೆ. ಕ್ರ್ಯಾಂಕ್ ಹಲ್ಲುಚಕ್ರವನ್ನು ತಿರುಗಿಸುತ್ತೆ, ಅದು ಕ್ಯಾಮ್ ಅನ್ನು, ಕ್ಯಾಮ್ ಟ್ಯಾಪೆಟ್ಟನ್ನು ಎತ್ತುತ್ತೆ, ಟ್ಯಾಪೆಟ್ ಪುಶ್ ರಾಡನ್ನು, ಅದು ರಾಕರನ್ನು. ಕೊನೆಗೆ ರಾಕರ್ ವಾಲ್ವನ್ನು ಒತ್ತುತ್ತೆ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು. 3000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತೆ.

ನನ್ನ ಕೈಗೆ ಬಂದದ್ದು ದೊಡ್ಡಪ್ಪನ 1984ರ ಬುಲೆಟ್. ಕಿಕ್ ಹೊಡೆದರೆ ಕಾಲಿಗೆ ಎದುರು ನಿಲ್ಲುವ ಬಿಗಿಯೇ ಇರಲಿಲ್ಲ. ದೊಡ್ಡಪ್ಪನಿಗೆ ಈಗ ಎಪ್ಪತ್ತೆರಡು, ಮೂರು ವರ್ಷದಿಂದ ಕಿವಿ ಮಂದ. ಹಿಂದೆ ಲಾರಿ ಬಂದರೂ ಗೊತ್ತಾಗಲ್ಲ ಅಂತ ಮನೆಯವರಿಗೆಲ್ಲ ಹೆದರಿಕೆ. ರಿಪೇರಿ ಮಾಡಿ ಮಾರಿಬಿಡೋಣ ಅಂತ ಅಣ್ಣ ತೀರ್ಮಾನಿಸಿದ. ರಿಪೇರಿ ನನ್ನ ಪಾಲಿಗೆ ಬಂತು. ಮಾರೋ ವಿಷಯ ದೊಡ್ಡಪ್ಪನಿಗೆ ಹೇಳೋದು ಯಾರ ಪಾಲಿಗೂ ಬರಲಿಲ್ಲ.

ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ಹೂತು ಕೂತಿತ್ತು. ಹಳೇ ಎಂಜಿನ್‌ಗಳಿಗೆ ಪೆಟ್ರೋಲಿನಲ್ಲಿದ್ದ ಸೀಸ ಒಂಥರಾ ಕವಚ; ವಾಲ್ವಿಗೂ ಸೀಟಿಗೂ ನಡುವೆ ತೆಳು ಪದರ ಕಟ್ಟುತ್ತಿತ್ತು. 2000ದಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲು. ನಮ್ಮ ಆರೋಗ್ಯಕ್ಕೆ ಒಳ್ಳೇದೇ ಆಯ್ತು, ಹಳೇ ಸೀಟುಗಳಿಗೆ ಆಗಲಿಲ್ಲ. ಜೊತೆಗೆ ವಯಸ್ಸೂ ಸೇರಿಕೊಳ್ಳುತ್ತೆ.

ಗಾದೆಯ ಗುಟ್ಟು ಇಲ್ಲೇ ಇರೋದು. ಸೀಟ್ ಸವೆದಷ್ಟೂ ವಾಲ್ವಿನ ಕಡ್ಡಿ ಮೇಲಕ್ಕೆ ಬಂದು, ಟ್ಯಾಪೆಟ್ಟಿಗೆ ಬಿಟ್ಟಿದ್ದ ಸಂದನ್ನು ತಿಂದುಹಾಕುತ್ತೆ. ಸಂದು ಹೋದರೆ ಟಕ್ ಟಕ್ ಸದ್ದೂ ಹೋಗುತ್ತೆ. ಕೇಳೋರಿಗೆ ಎಂಜಿನ್ ಎಷ್ಟು ಸ್ಮೂತ್ ಅನ್ನಿಸುತ್ತೆ. ಒಳಗೆ ವಾಲ್ವ್ ಪೂರ್ತಿ ಮುಚ್ಚುತ್ತಿರಲ್ಲ. ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳೋದು ಮುಖ್ಯವಾಗಿ ಸೀಟಿಗೆ ಒತ್ತಿ ಕೂತಾಗ. ಕೂರೋಕೇ ಬಿಡದಿದ್ರೆ ಅಂಚು ಸುಟ್ಟು ಹೋಗುತ್ತೆ. ಸರ್ವರ್ ನೋಡಿಕೊಳ್ಳೋ ಕೆಲಸ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಲರ್ಟ್ ಬಂದ ರಾತ್ರಿಗಿಂತ ಅಲರ್ಟೇ ಬರದ ವಾರ ಕೆಟ್ಟದ್ದು.

ಹೊಸ ವಾಲ್ವ್, ಗೈಡ್, ಸ್ಪ್ರಿಂಗ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಕ್ಕವು. ಗೈಡ್ ಕೂರಿಸಿ 45 ಡಿಗ್ರಿಗೆ ಸೀಟ್ ಕಟ್ ಮಾಡಿಸಿದ್ದು ಹೆಡ್ ಕೆಲಸದ ಅಂಗಡಿಯಲ್ಲಿ. ಮಿಕ್ಕದ್ದು ಊರಿನ ಜಗಲಿ ಮೇಲೆ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಮಜ್ಜಿಗೆ ಕಡೆಯೋ ಹಾಗೆ ಕಡ್ಡಿಯನ್ನು ಅಂಗೈಗಳ ನಡುವೆ ತಿರುಗಿಸ್ತಾ ಹೋದರೆ ವಾಲ್ವಿನ ಸುತ್ತ ಬೂದು ಬಣ್ಣದ ಒಂದು ಉಂಗುರ ಮೂಡುತ್ತೆ. ಎಲ್ಲೂ ತುಂಡಾಗದ ಉಂಗುರ ಬಂದರೆ ಪಾಸ್. ಆಮೇಲೆ ಪೇಸ್ಟ್ ಪೂರ್ತಿ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟಿಗೆ ಸೀಮೆಎಣ್ಣೆ ಸುರಿದು ಬಿಡಬೇಕು. ಅರ್ಧ ಗಂಟೆ ಒಂದು ಹನಿಯೂ ಸೋರಲಿಲ್ಲ. ರಾಕರ್ ಕೂರುವ ಬ್ಲಾಕುಗಳ ಮೇಲರ್ಧ, ಕೆಳಗರ್ಧ ಜೋಡಿಯಾಗೇ ತಯಾರಾದವು. ಒಂದರದ್ದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ.

ಕೊನೆಗೆ ಟ್ಯಾಪೆಟ್ ಸೆಟಿಂಗ್. ಇದಕ್ಕೆ ಫೀಲರ್ ಗೇಜ್ ಬೇಡ. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿರಬೇಕು. ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಪುಸ್ತಕದಲ್ಲೂ ಇಷ್ಟೇ ಇರೋದು. ತೊಂದರೆ ಅಂದ್ರೆ ಮೂರು ಸ್ಪ್ಯಾನರ್ ಹಿಡೀಬೇಕು, ಇರೋದು ಎರಡು ಕೈ.

ದೊಡ್ಡಪ್ಪ ಸ್ಟೂಲ್ ಎಳೆದುಕೊಂಡು ಕೂತರು. "ಕೆಳಗಿನದ್ದು ನೀ ಹಿಡ್ಕೋ ಮಗಾ."

"ದೊಡ್ಡಪ್ಪ, ಸ್ಟಾರ್ಟ್ ಮಾಡಿದ ಮೇಲೆ ಸದ್ದು ನಾನು ಕೇಳಿ ಹೇಳ್ತೀನಿ ಬಿಡಿ," ಅಂತ ಕಿವಿ ಹತ್ರ ಜೋರಾಗಿ ಹೇಳಿದೆ.

"ಕೇಳ್ಸಲ್ಲ ಅಷ್ಟೇ ಕಣೋ. ಬೆರಳು ಕಿವುಡಾಗಿಲ್ಲ."

ಕಣ್ಣು ಮುಚ್ಚಿ ಪುಶ್ ರಾಡನ್ನು ಎರಡು ಬೆರಳಲ್ಲಿ ತಿರುಗಿಸಿದರು, ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿದರು, ಮತ್ತೆ ತಿರುಗಿಸಿದರು. ಲಾಕ್ ನಟ್ ಬಿಗಿ ಮಾಡಿದ ಮೇಲೂ ಇನ್ನೊಂದು ಸಲ ನೋಡಿದರು; ಬಿಗಿ ಮಾಡುವಾಗಲೇ ಸೆಟಿಂಗ್ ಜಾರೋದು. ಎರಡನೇ ಕಿಕ್ಕಿಗೆ ಎಂಜಿನ್ ಹಿಡೀತು. ಟ್ಯಾಪೆಟ್ ಸಣ್ಣಗೆ, ಒಂದೇ ಲಯದಲ್ಲಿ ಸದ್ದು ಮಾಡ್ತಿತ್ತು. ಅದು ಅವರಿಗೆ ಕೇಳಿಸಲಿಲ್ಲ. ಟ್ಯಾಂಕ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ಮಾರೋ ವಿಷಯ ನಾನೇ ಹೇಳಿದೆ. ಹೆದರಿಕೆ ಸುಳ್ಳಲ್ಲ, ಮೇನ್ ರೋಡು ನಿಜವಾಗಲೂ ಅಪಾಯ ಅಂದೆ. ಅವರು ವಾದ ಮಾಡಲಿಲ್ಲ. "ಹೊಸ ವಾಲ್ವ್ ಹಾಕಿದ ಮೇಲೆ ಟ್ಯಾಪೆಟ್ ಮತ್ತೆ ಯಾವಾಗ ನೋಡ್ಬೇಕು?" ಅಂದರು. 500 ಕಿಲೋಮೀಟರಿಗೆ ಅಂದೆ. ಅಷ್ಟರಲ್ಲಿ ವಾಲ್ವ್ ಸೀಟಿಗೆ ಹೊಂದಿಕೊಂಡು ಸಂದು ಸ್ವಲ್ಪ ಬದಲಾಗಿರುತ್ತೆ.

"ಹಂಗಾದ್ರೆ ಅದನ್ನ ನೋಡದೆ ಕೊಡೋದು ತಪ್ಪು. ಮೇನ್ ರೋಡಿಗೆ ಇಳಿಯಲ್ಲ, ತೋಟಕ್ಕೆ ಮಾತ್ರ," ಅಂದರು. ಅಣ್ಣನೂ ಒಪ್ಪಿದ.

ಮನೆಯಿಂದ ತೋಟಕ್ಕೆ ಹೋಗಿ ಬಂದರೆ ಎರಡು ಕಿಲೋಮೀಟರ್. ದಿನಕ್ಕೆ ಒಂದೇ ಸಲ. ಲೆಕ್ಕ ನೀವೇ ಹಾಕ್ಕೊಳ್ಳಿ.