ತೆಂಗಿನಕಾಯಿ ಓಡಲ್ಲ, ಹಡಗು ಓಡುತ್ತೆ

ಕೈಲ್ ಮುಹೂರ್ತದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋದನ್ನ ನೀವೆಲ್ಲ ನೋಡಿರ್ತೀರಿ. ಕಾಯಿ ಒಡೆದ ತಕ್ಷಣ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ಗುರಿ ನಮ್ಮ ರಕ್ತದಲ್ಲೇ ಇದೆ!" ನಮ್ಮಜ್ಜನ ಮಾತೂ ಅದೇ. ನನಗೆ ಅದು ಸ್ವಲ್ಪ ಚುಚ್ಚುತ್ತೆ. ನನ್ನ ಗುಂಡು ಕಾಯಿಗೆ ತಾಗಿದ್ದು ಇದುವರೆಗೆ ಒಂದೇ ಸಲ. ನೌಕಾಪಡೆಗೆ ಅರ್ಜಿ ಹಾಕ್ತೀನಿ ಅಂದಾಗ ಅಜ್ಜ ನನ್ನ ಕೈ ನೋಡಿದರು, ಗಣಿತದ ಮಾರ್ಕ್ಸ್ ನೋಡಲಿಲ್ಲ. ಅದಕ್ಕೇ ಈ ಸಲ ಹಳೇ ಯುದ್ಧನೌಕೆಗಳ ಗುರಿಯ ಕಥೆ.

ಕಾಯಿ ಅಲ್ಲಾಡಲ್ಲ, ನಾವೂ ಅಲ್ಲಾಡಲ್ಲ. ಸಮುದ್ರದಲ್ಲಿ ಎದುರಿನ ಹಡಗೂ ಓಡ್ತಿರುತ್ತೆ, ನಮ್ಮದೂ ಓಡ್ತಿರುತ್ತೆ, ಮೇಲಿಂದ ಅಲೆಗೆ ತೂಗಾಟ ಬೇರೆ. ಶೆಲ್ ಹಾರಿ ಬೀಳೋಕೆ 20 ಸೆಕೆಂಡ್ ಅಂದ್ಕೊಳ್ಳಿ. 20 ನಾಟ್ ವೇಗದ ಹಡಗು ಅಷ್ಟರಲ್ಲಿ ಸುಮಾರು 200 ಮೀಟರ್ ಮುಂದೆ ಹೋಗಿರುತ್ತೆ. ಈಗ ಇರೋ ಜಾಗಕ್ಕೆ ಹೊಡೆದರೆ ನೀರಿಗೆ ಹೊಡೆದ ಹಾಗೆ. ಮುಂದೆ ಇರಬಹುದಾದ ಜಾಗಕ್ಕೆ ಹೊಡೀಬೇಕು. ಅದು ಯಾವ ಕಣ್ಣಿಗೂ ಕಾಣಲ್ಲ.

ದೂರ ಅಳೆಯೋಕೆ ಗ್ಲಾಸ್ಗೋದ ಬಾರ್ ಅಂಡ್ ಸ್ಟ್ರೌಡ್ ಕಂಪನಿಯ ರೇಂಜ್‌ಫೈಂಡರ್ ಇತ್ತು. ಉದ್ದನೆಯ ಕೊಳವೆ, ಎರಡೂ ತುದಿಯಲ್ಲಿ ಕಿಟಕಿ. ಒಳಗೆ ಎದುರಿನ ಹಡಗಿನ ಕಂಬ ಎರಡು ತುಂಡಾಗಿ ಕಾಣುತ್ತೆ. ತಿರುಪು ತಿರುಗಿಸಿ ತುಂಡುಗಳನ್ನ ಕೂಡಿಸಿದರೆ ದೂರ ಸಿಕ್ಕಿತು. ಆದರೆ ಓದಿ ಹೇಳೋಷ್ಟರಲ್ಲೇ ದೂರ ಬದಲಾಗಿರುತ್ತೆ! ಎರಡು ಹಡಗು ತಲಾ 20 ನಾಟ್‌ನಲ್ಲಿ ಎದುರುಬದುರು ಬಂದರೆ ನಿಮಿಷಕ್ಕೆ 1,200 ಮೀಟರಿಗೂ ಹೆಚ್ಚು ಅಂತರ ಕಡಿಮೆಯಾಗುತ್ತೆ.

ಇಲ್ಲಿಗೆ ಬರುತ್ತೆ ನನಗೆ ತುಂಬಾ ಇಷ್ಟವಾದ ಸಾಧನ, ಡುಮೆರಿಕ್. ಜಾನ್ ಡುಮೆರಿಕ್ ಎಂಬ ನೌಕಾಧಿಕಾರಿ 1902ರ ಸುಮಾರಿಗೆ ರೂಪಿಸಿದ್ದು. ಒಂದು ಪಟ್ಟಿ ನಮ್ಮ ಹಡಗು, ಇನ್ನೊಂದು ಶತ್ರು ಹಡಗು. ಎರಡರ ವೇಗ, ದಿಕ್ಕು ಹೊಂದಿಸಿದರೆ ದೂರ ಎಷ್ಟು ಬೇಗ ಬದಲಾಗ್ತಿದೆ, ಗುರಿ ಪಕ್ಕಕ್ಕೆ ಎಷ್ಟು ಸರೀಬೇಕು ಎರಡನ್ನೂ ಕೆಳಗಿನ ತಟ್ಟೆಯಲ್ಲಿ ಓದಬಹುದು. ಫಿಸಿಕ್ಸ್ ಕ್ಲಾಸಲ್ಲಿ ನಮ್ಮ ತಲೆ ತಿನ್ನುತ್ತಲ್ಲ ರಿಲೇಟಿವ್ ವೆಲಾಸಿಟಿ, ಅದನ್ನೇ ಕೈಯಲ್ಲಿ ಮುಟ್ಟೋ ಹಾಗೆ ಮಾಡಿದ್ದಾರೆ. ಆ ದರವನ್ನ ರೇಂಜ್ ಕ್ಲಾಕ್‌ಗೆ ಕೊಟ್ಟರೆ ಮುಳ್ಳು ಓಡ್ತಾ ಹೋಗುತ್ತೆ. ಆ ಗಡಿಯಾರ ತೋರಿಸೋದು ಸಮಯ ಅಲ್ಲ, ದೂರ.

ಇದೆಲ್ಲ ಎಲ್ಲೋ ಯುರೋಪಿನ ಕಥೆ ಅನ್ಕೋಬೇಡಿ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ನೌಕೆ ಎಂಡೆನ್ ಮದ್ರಾಸಿಗೆ ಬಂದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿತು. ತಮಿಳಿನಲ್ಲಿ ಇವತ್ತಿಗೂ ಭಾರೀ ಚಾಲಾಕಿನವನಿಗೆ 'ಎಂಡನ್' ಅಂತಾರೆ. ಟ್ಯಾಂಕ್ ನಿಂತಲ್ಲೇ ನಿಂತಿರುತ್ತೆ, ತೆಂಗಿನಕಾಯಿ ಥರ.

ನವೆಂಬರ್ 9ಕ್ಕೆ ಕೋಕೋಸ್ ದ್ವೀಪಗಳ ಹತ್ತಿರ ಅದಕ್ಕೆ ಎದುರಾದದ್ದು ಆಸ್ಟ್ರೇಲಿಯಾದ ಸಿಡ್ನಿ ನೌಕೆ. ಎಂಡೆನ್‌ನ ಗುರಿ ಎಷ್ಟು ಚೊಕ್ಕ ಅಂದ್ರೆ, ಕಾಳಗದ ಶುರುವಿನಲ್ಲೇ ಸಿಡ್ನಿಯ ಮುಂಭಾಗದ ರೇಂಜ್‌ಫೈಂಡರ್ ಹಾಳಾಯ್ತು. ಅದನ್ನು ನೋಡಿಕೊಳ್ಳುತ್ತಿದ್ದ ನಾವಿಕ ಅಲ್ಲೇ ಸತ್ತ. ಹಿಂದಿನ ಗುರಿ ನಿಯಂತ್ರಣದ ಜಾಗವೂ ಹೋಯ್ತು. (ಇಲ್ಲಿ ಅಜ್ಜನಿಗೆ ಅರ್ಧ ಮಾರ್ಕ್ಸ್ ಕೊಡಲೇಬೇಕು, ಕೈಚಳಕ ಅನ್ನೋದು ಇದೆ.) ಆದರೂ ಸಿಡ್ನಿಯ ಫಿರಂಗಿ ದೊಡ್ಡದು, 6 ಇಂಚು. ಎಂಡೆನ್‌ನದು 10.5 ಸೆಂಟಿಮೀಟರ್. ಸಿಡ್ನಿ ದೂರ ಕಾಯ್ದುಕೊಂಡು, ಶೆಲ್ ಬಿದ್ದಲ್ಲಿ ಏಳೋ ನೀರಿನ ಕಂಬ ನೋಡಿ ತಿದ್ದಿಕೊಳ್ತಾ ಹೊಡೀತಾ ಹೋಯ್ತು. ಮಧ್ಯಾಹ್ನಕ್ಕೆ ಮುಂಚೆಯೇ ಎಂಡೆನ್ ಹವಳದ ದಿಬ್ಬ ಹತ್ತಿ ನಿಂತಿತ್ತು. ಅದರಲ್ಲಿದ್ದ 130ಕ್ಕೂ ಹೆಚ್ಚು ಮಂದಿ ಸತ್ತರು, ಸಿಡ್ನಿಯಲ್ಲಿ 4.

ಅಂದಹಾಗೆ ಡುಮೆರಿಕ್ ಹುಟ್ಟಿದ್ದು ಸಿಡ್ನಿ ಊರಿನಲ್ಲೇ. 1917ರಲ್ಲಿ ಅದೇ ಸಿಡ್ನಿ ನೌಕೆಗೆ ಕ್ಯಾಪ್ಟನ್ ಆದರು.

ಮುಂದಿನ ಭಾಗದಲ್ಲಿ ಆರ್ಥರ್ ಪೋಲೆನ್. ನೌಕಾಪಡೆಯವರೇ ಅಲ್ಲ, ಲೈನೋಟೈಪ್ ಕಂಪನಿ ನಡೆಸ್ತಿದ್ದವರು. ಗುರಿ ಲೆಕ್ಕದ ಯಂತ್ರ ಮಾಡಿಕೊಟ್ಟರೆ ನೌಕಾಪಡೆ ಅವರನ್ನ ಕೈಬಿಟ್ಟಿತು. ಕೊನೆಗೆ 1925ರಲ್ಲಿ 30,000 ಪೌಂಡ್ ಪರಿಹಾರ ಸಿಕ್ಕಿತು. ಆ ಜಗಳ ದೊಡ್ಡದಿದೆ, ಶನಿವಾರ ಹಾಕ್ತೀನಿ.

#ಕೊಡಗು #ಗಣಿತ #ಹಳೇಯಂತ್ರಗಳು