ಮೋರ್ ಬೆಟರ್

ಹೋದ ವಾರ ಸೆಮಿನಾರಲ್ಲಿ ‘ದಿಸ್ ಬ್ಯಾಲೆನ್ಸ್ ಶೀಟ್ ಈಸ್ ಮೋರ್ ಬೆಟರ್’ ಅಂದುಬಿಟ್ಟೆ. ಹಿಂದಿನ ಬೆಂಚು ಪೂರ್ತಿ ನಕ್ತು. ನೀವೂ ನಕ್ಕಿದ್ರಿ, ಗೊತ್ತು. ಉಳಿದ ನಾಲ್ಕು ಸ್ಲೈಡು ಬಾಯಿ ಬಿಡದೆ ಸರಿಸಿ ಕೂತ್ಕೊಂಡೆ. ಬಸ್ಸು ಬನ್ನಿಮಂಟಪ ತಲುಪೋವರೆಗೂ ಕಿವಿ ಬಿಸಿ.

ಮನೇಲಿ ಅಜ್ಜಿ ಪಕ್ಕದ ಮನೆಯವರ ಹತ್ರ ಹೇಳ್ತಿದ್ರು: ‘ಹೋದ ವರ್ಷಕ್ಕಿಂತ ಈ ಸಲ ಪಂಜಿನ ಕವಾಯತು ಚೆನ್ನಾಗಿತ್ತು.’ ಅಲ್ಲೇ ಹೊಳೀತು. ಕನ್ನಡದಲ್ಲಿ ‘ಚೆನ್ನಾಗಿ’ ಬದಲಾಗೋದೇ ಇಲ್ಲ! ಹೋಲಿಕೆಯ ಭಾರ ಎಲ್ಲಾ ‘ಗಿಂತ’ ಹೊರುತ್ತೆ. ಮೈಸೂರಿಗಿಂತ ಬೆಂಗಳೂರು ದೊಡ್ಡದು, ರಾಜ್ಯದಲ್ಲಿ ಎಲ್ಲದಕ್ಕಿಂತ ದೊಡ್ಡದು. ‘ದೊಡ್ಡದು’ ಇದ್ದ ಹಾಗೇ ಇದೆ. ಇನ್ನೂ ಒತ್ತಿ ಹೇಳ್ಬೇಕಾ? ಮುಂದೆ ಒಂದು ‘ಇನ್ನೂ’ ಹಾಕ್ತೀವಿ. ಆ ‘ಇನ್ನೂ’ನೇ ನನ್ನ ಬಾಯಲ್ಲಿ ‘ಮೋರ್’ ಆಗಿದ್ದು.

ಇಂಗ್ಲಿಷಲ್ಲಿ ಪದವೇ ಬದಲಾಗ್ಬೇಕು. ಚಿಕ್ಕ ಪದಕ್ಕೆ ‘ಅರ್’, ‘ಎಸ್ಟ್’: ಚೀಪ್, ಚೀಪರ್, ಚೀಪೆಸ್ಟ್. ಎಕ್ಸ್‌ಪೆನ್ಸಿವ್ ಥರ ಉದ್ದದ್ದಕ್ಕೆ ಮೋರ್, ಮೋಸ್ಟ್. ಎರಡೂ ಒಟ್ಟಿಗೆ ಬೇಡ. ಗುಡ್ ಮಾತ್ರ ಹಠಮಾರಿ, ಬೆಟರ್, ಬೆಸ್ಟ್ ಅಂತ ವೇಷಾನೇ ಬದಲಿಸುತ್ತೆ. ಬೆಟರ್ ಒಳಗೇ ಮೋರ್ ಕೂತಿದೆ.

(ಷೇಕ್ಸ್‌ಪಿಯರ್ ‘ಜೂಲಿಯಸ್ ಸೀಸರ್’ನಲ್ಲಿ ಆಂಟನಿ ಬಾಯಲ್ಲಿ ಮೋಸ್ಟೂ ಎಸ್ಟೂ ಒಂದೇ ಪದಕ್ಕೆ ಹಾಕಿಸಿದ್ದಾನೆ. ಅವನನ್ನ ನೋಡಿ ಯಾರೂ ನಗಲ್ಲ.)

ಆ ನಾಲ್ಕು ಸ್ಲೈಡು ಮತ್ತೆ ಮಾಡ್ತೀನಿ ಅಂತ ಮೇಡಂನ ಕೇಳ್ದೆ. ಸೋಮವಾರ ಹತ್ತು ನಿಮಿಷ ಕೊಟ್ಟಿದ್ದಾರೆ. ಬನ್ನಿ. ಹಿಂದಿನ ಬೆಂಚಲ್ಲೇ ಕೂತ್ರೂ ಪರವಾಗಿಲ್ಲ.